ಹೊಸನಗರ ಶಾಖೆ ಕೆಂಪಾದದ್ದು

ಕಂಪ್ಯೂಟರು ತಪ್ಪು ಮಾಡುವುದಿಲ್ಲ ಎಂದು ಮೊದಲು ಹೇಳಿದವನು ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದರೆ ಅಡ್ಡಬೀಳಬೇಕು ಅಂದುಕೊಂಡಿದ್ದೇನೆ. ನನ್ನಂಥ ಎಷ್ಟು ಮಂದಿಯ ಮಾನ ಆ ಒಂದು ಮಾತಿನ ಮರೆಯಲ್ಲಿ ಬದುಕಿಕೊಂಡಿದೆಯೋ! ಹಿಂದೆಲ್ಲ ಅಂಗಡಿಯಲ್ಲಿ ಎಡವಟ್ಟಾದರೆ ಮಾಡಿದವನ ಹೆಸರು ಹಿಡಿದು ಬೈಯುತ್ತಿದ್ದರು. ಬೈಸಿಕೊಂಡವನು ಎದುರಿನ ಹೋಟೆಲಿಗೆ ಹೋಗಿ ಅರ್ಧ ಚಹಾ ಕುಡಿದು ಬಂದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಈಗ ಯಾರ ಹೆಸರೂ ಇಲ್ಲ. ‘ಸಿಸ್ಟಮ್ಮಿನಲ್ಲಿ ಹಾಗೆ ಬಂದಿದೆ’ ಅಂದರಾಯಿತು. ಸಿಸ್ಟಮ್ಮಿಗೆ ಕೆನ್ನೆಯಿಲ್ಲ, ಹೊಡೆಯುವ ಹಾಗಿಲ್ಲ. ಅದರೊಳಕ್ಕೆ ತುಂಬಿದವನಿಗೆ ಎರಡು ಕೆನ್ನೆ ಇದೆ ಎನ್ನುವುದು ಯಾರಿಗೂ ನೆನಪಾಗುವುದಿಲ್ಲ. ತುಂಬಿದವನಾದ ನನಗೂ ಅನುಕೂಲಕ್ಕೆ ತಕ್ಕಷ್ಟು ತಡವಾಗಿಯೇ ನೆನಪಾಯಿತು.

ನಾನು ಇಪ್ಪತ್ತಾರು ವರ್ಷದಿಂದ ಸಾಗರದ ಒಂದು ಬಿಡಿಭಾಗಗಳ ಅಂಗಡಿಯಲ್ಲಿದ್ದೇನೆ. ಮಿಕ್ಸಿ, ಗ್ರೈಂಡರು, ಕುಕ್ಕರು, ನೀರಿನ ಪಂಪು, ಹುಲ್ಲು ಕೊಯ್ಯುವ ಯಂತ್ರ, ಇವುಗಳ ಹೊಟ್ಟೆಯೊಳಗೆ ಏನೇನು ಸವೆಯುತ್ತದೋ ಅದೆಲ್ಲ ನಮ್ಮಲ್ಲಿ ಸಿಗುತ್ತದೆ. ಯಜಮಾನರು ಹೆಗಡೆಯವರು. ಸಾಗರದಲ್ಲಿ ದೊಡ್ಡ ಅಂಗಡಿ ಮತ್ತು ಗೋಡೌನು, ತೀರ್ಥಹಳ್ಳಿಯಲ್ಲಿ ತಕ್ಕಮಟ್ಟಿನ ಶಾಖೆ. ಹೊಸನಗರದಲ್ಲೂ ಒಂದು ಶಾಖೆ ಇತ್ತು. ಶಾಖೆ ಎಂದು ನಾವು ಕರೆಯುತ್ತಿದ್ದೆವು. ಮೊಬೈಲ್ ಅಂಗಡಿಗೂ ಬೇಕರಿಗೂ ನಡುವೆ ಸಿಕ್ಕಿಹಾಕಿಕೊಂಡ ಒಂದೇ ಒಂದು ಶಟರು ಅದು. ಒಳಗೆ ಒಂದು ಗಾಜಿನ ಕಪಾಟು, ಒಂದು ಸ್ಟೂಲು, ಒಂದು ಫೋನು ಮತ್ತು ನಾಗರತ್ನಕ್ಕ. ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ಚಿಕ್ಕವರು, ಆದರೂ ಇಡೀ ತಾಲ್ಲೂಕಿಗೆ ಅಕ್ಕನಾದವರು ನನಗೊಬ್ಬನಿಗೆ ತಂಗಿಯಾಗುವುದು ಹೇಗೆ? ಜೀಪಿನಿಂದ ಬಿದ್ದು ಗಂಡನ ಬೆನ್ನು ಹೋದ ಮೇಲೆ ಅವರ ಮನೆ ನಡೆಯುತ್ತಿದ್ದುದು ಆ ಸ್ಟೂಲಿನ ಮೇಲಿಂದ.

ನಮ್ಮ ಕಡೆ ಬಿಡಿಭಾಗ ಕೊಳ್ಳಲು ಬರುವವರು ಅದರ ಹೆಸರು ತರುವುದಿಲ್ಲ, ನಂಬರು ತರುವುದಿಲ್ಲ. ಮುರಿದ ಚೂರನ್ನೇ ಹಳೆಯ ಪೇಪರಿನಲ್ಲಿ ಸುತ್ತಿ ತಂದು, ಕೌಂಟರಿನ ಮೇಲೆ ಬಿಚ್ಚಿ, ‘ಇದರದ್ದೇ ಇನ್ನೊಂದು’ ಅನ್ನುತ್ತಾರೆ. ಕೆಲವರು ಚೂರೂ ತರುವುದಿಲ್ಲ, ‘ತಿರುಗೋವಾಗ ಕರ್ ಅಂತದೆ’ ಎಂದು ಶಬ್ದ ಮಾಡಿ ತೋರಿಸುತ್ತಾರೆ. ನಾಗರತ್ನಕ್ಕ ಚೂರನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ, “ಇದು ಹಳೇ ಮಾಡೆಲ್ಲಿಂದು. ಇದು ಹೋಗಿದೆ ಅಂದ್ರೆ ಒಳಗಿನ ವಾಷರೂ ಹೋಗಿರ್ತದೆ. ಎರಡೂ ತರಿಸ್ತೀನಿ, ನಾಳೆ ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಬನ್ನಿ” ಅನ್ನುತ್ತಿದ್ದರು. ಆಮೇಲೆ ನನಗೆ ಫೋನು. “ಅಚ್ಯುತಣ್ಣ, ಮೂರನೇ ರ‍್ಯಾಕು, ಕೆಳಗಿನ ಹಲಗೆ, ನೀಲಿ ಡಬ್ಬದ ಹಿಂದೆ ನೋಡಿ.” ನೋಡಿದರೆ ಅಲ್ಲೇ ಇರುತ್ತಿತ್ತು. ನನ್ನ ಗೋಡೌನಿನಲ್ಲಿ ನನಗೆ ಸಿಗದ್ದು ಹೊಸನಗರದಲ್ಲಿ ಕೂತವರಿಗೆ ಕಾಣುತ್ತಿತ್ತು. ನಾನು ಅದನ್ನು ಕಟ್ಟಿ, ಮೇಲೊಂದು ಚೀಟಿ ಅಂಟಿಸಿ, ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ ನನ್ನ ಕೆಲಸ ಮುಗಿಯಿತು. ಮಾಲು ಹೊರಡುವುದು ಸಾಗರದಿಂದ, ಆದ್ದರಿಂದ ಬಿಲ್ಲೂ ಸಾಗರದಲ್ಲೇ. ಒಂದೇ ಮನೆಯ ವ್ಯಾಪಾರ, ಯಾವ ಕೋಣೆಯಲ್ಲಿ ಬಿಲ್ಲಾದರೇನು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಯಜಮಾನರಿಗೂ ಆಗ ಒಂದು ವ್ಯವಸ್ಥೆ ಇತ್ತು. ವಾರಕ್ಕೊಮ್ಮೆ ಅವರೇ ಹೊರಟು ಹೊಸನಗರದಲ್ಲಿ ಒಂದು ಕಾಫಿ, ತೀರ್ಥಹಳ್ಳಿಯಲ್ಲಿ ಒಂದು ಕಾಫಿ ಕುಡಿದು ಸಂಜೆಗೆ ವಾಪಸಾಗುತ್ತಿದ್ದರು. “ಏನೇ ನಾಗರತ್ನ, ಈ ಸಲ ಯಾವ ಪಂಪು ಹೆಚ್ಚಿಗೆ ತರಿಸ್ಲಿ?” ಎಂದು ಕೇಳುವರು. “ನಗರ ಹೋಬಳಿ ಕಡೆ ಹೊಸ ಬಾವಿ ಬಹಳ ಆಗಿದಾವೆ ಹೆಗಡೇರೇ, ಸಣ್ಣದನ್ನೇ ತರಿಸಿ” ಎಂದು ಅವರು ಹೇಳುವರು. ಸಣ್ಣವೇ ಬರುತ್ತಿದ್ದವು, ಖರ್ಚೂ ಆಗುತ್ತಿದ್ದವು. ನನ್ನ ಮನೆಯಲ್ಲೂ ಇದೇ ಪದ್ಧತಿ. ನನ್ನ ಹೆಂಡತಿ ತೊಗರಿಬೇಳೆ ಡಬ್ಬವನ್ನು ಮುಚ್ಚಳ ತೆಗೆಯದೆ ಒಮ್ಮೆ ಎತ್ತಿ ಇಟ್ಟು, ‘ಗುರುವಾರದವರೆಗೆ ಬರ್ತದೆ’ ಅನ್ನುತ್ತಾಳೆ. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ ಅಡುಗೆಮನೆಯ ಸಾಮಾನನ್ನೆಲ್ಲ ಮೊಬೈಲಿನಲ್ಲಿ ಪಟ್ಟಿ ಮಾಡಿದೆ. ಆ ವಾರ ಮನೆಗೆ ಮೂರು ಸಲ ಸಾಸಿವೆ ಬಂತು, ಉಪ್ಪು ಬರಲಿಲ್ಲ.

ಹೀಗಿರುವಾಗ ಹೆಗಡೆಯವರು ಶಿವಮೊಗ್ಗದಲ್ಲಿ ವ್ಯಾಪಾರಸ್ಥರ ಸಭೆಯೊಂದಕ್ಕೆ ಹೋದರು. ಹೋಗುವಾಗ ಸೊಂಟನೋವಿತ್ತು, ಬರುವಾಗ ದೂರದೃಷ್ಟಿ ಬಂದಿತ್ತು. ಮುಂದಿನ ತಿಂಗಳೇ ಒಬ್ಬ ಮೇಡಂ ಲ್ಯಾಪ್‌ಟಾಪು ಹಿಡಿದು ಬಂದು, ನಮ್ಮನ್ನೆಲ್ಲ ಗೋಡೌನಿನಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂರಿಸಿ, ಸುಣ್ಣದ ಗೋಡೆಯ ಮೇಲೆ ಒಂದು ಗೋಪುರದ ಚಿತ್ರ ಬಿಟ್ಟರು. ವ್ಯಾಪಾರ ಸಂಸ್ಥೆಗೆ ಮಾಹಿತಿ ವ್ಯವಸ್ಥೆ ಅಂದರೆ ಮೈಗೆ ನರ ಇದ್ದ ಹಾಗಂತೆ. ಅದರಲ್ಲಿ ನಾಲ್ಕು ಬಗೆ. ತಳದಲ್ಲಿ ವ್ಯವಹಾರ ಸಂಸ್ಕರಣಾ ವ್ಯವಸ್ಥೆ, ಅಂದರೆ ದಿನದ ಬಿಲ್ಲು ಗೀಚುವುದು. ಅದರ ಮೇಲೆ ನಿರ್ವಹಣಾ ಮಾಹಿತಿ ವ್ಯವಸ್ಥೆ, ಅಂದರೆ ಗೀಚಿದ್ದನ್ನೆಲ್ಲ ಕೂಡಿಸಿ ವರದಿ ಮಾಡುವುದು. ಅದರ ಮೇಲೆ ನಿರ್ಧಾರ ಬೆಂಬಲ ವ್ಯವಸ್ಥೆ, ಅಂದರೆ ವರದಿ ನೋಡಿ ಹೀಗೆ ಮಾಡಿದರೆ ಒಳ್ಳೆಯದು ಎಂದು ಸಲಹೆ ಕೊಡುವುದು. ತುತ್ತತುದಿಯಲ್ಲಿ ಕಾರ್ಯನಿರ್ವಾಹಕರ ಮಾಹಿತಿ ವ್ಯವಸ್ಥೆ. ಅದು ಯಜಮಾನರ ಮೊಬೈಲಿನಲ್ಲಿ ಮೂರು ಬಣ್ಣವಾಗಿ ಕಾಣುತ್ತದೆ: ಚೆನ್ನಾಗಿದ್ದ ಶಾಖೆ ಹಸಿರು, ಸುಮಾರಾಗಿದ್ದದ್ದು ಹಳದಿ, ದಂಡಕ್ಕಿದ್ದದ್ದು ಕೆಂಪು. ಹೆಗಡೆಯವರು ಮಗು ತೊಟ್ಟಿಲ ಗಿಲಕಿ ನೋಡುವ ಹಾಗೆ ಅದನ್ನು ನೋಡುತ್ತಿದ್ದರು. ನನ್ನ ಪಕ್ಕ ಕೂತಿದ್ದ ನಾಗರತ್ನಕ್ಕ ಮಾತ್ರ ಮೆಲ್ಲಗೆ ಕೇಳಿದರು, “ಈ ನಾಲ್ಕಕ್ಕೂ ನಾಲ್ಕು ಜನ ಬೇಕಾ ಅಚ್ಯುತಣ್ಣ?” ನಾನು ನಕ್ಕೆ. ಆ ನಾಲ್ಕನ್ನೂ ಆ ಹೆಂಗಸು ಇಷ್ಟು ವರ್ಷ ಒಬ್ಬರೇ ಸ್ಟೂಲಿನ ಮೇಲೆ ಕೂತು ಮಾಡಿದ್ದರು, ಅದೂ ಗೋಪುರ ಗೀಪುರ ಇಲ್ಲದೆ.

ಹೊಸನಗರದ ಸ್ಟೂಲಿನ ಎದುರಿಗೂ ಸೇರಿ ಮೂರು ಕಡೆಗೂ ಒಂದೊಂದು ಕಂಪ್ಯೂಟರು ಬಂತು. ಗೋಪುರದ ತಳದಲ್ಲಿ ನನ್ನನ್ನು ಇಟ್ಟರು. ಇಟ್ಟದ್ದೇನೋ ಸರಿ, ಕಲ್ಲಿಗೆ ಬುದ್ಧಿ ಬೇಕಾಗಿಲ್ಲ. ಬಿಲ್ಲು ಮಾಡುವಾಗ ಪರದೆಯ ಮೇಲೆ ಹದಿನಾಲ್ಕು ಖಾನೆ ತುಂಬಬೇಕು. ಒಂಬತ್ತನೆಯದು ‘ಗಿರಾಕಿ ಬಂದ ಶಾಖೆ’. ಅದರಲ್ಲಿ ತಾನಾಗಿಯೇ ‘ಸಾಗರ’ ಎಂದು ಕೂತಿರುತ್ತಿತ್ತು. ಹೊಸನಗರ ಬೇಕೆಂದರೆ ಬಾಣದ ಗುಂಡಿ ಒತ್ತಿ, ಪಟ್ಟಿ ಬಿಚ್ಚಿ, ಆರಿಸಿ, ‘ಬದಲಾವಣೆ ಖಚಿತವೇ?’ ಎಂದು ಅದು ಕೇಳಿದ್ದಕ್ಕೆ ಹೌದಪ್ಪ ಅನ್ನಬೇಕು. ಅಷ್ಟರಲ್ಲಿ ನೆಟ್‌ವರ್ಕು ಹೋದರೆ ಮತ್ತೆ ಒಂದನೇ ಖಾನೆಯಿಂದ ಶುರು. ಹೊರಗೆ ಬಸ್ಸಿನವನು ಹಾರನ್ನು ಹೊಡೆಯುತ್ತಿರುತ್ತಾನೆ. ಮೊದಲ ವಾರ ನಾನು ಪ್ರಾಮಾಣಿಕವಾಗಿ ಹೊಸನಗರ ಎಂದು ಆರಿಸಿದೆ. ಎರಡನೇ ವಾರ ದೊಡ್ಡ ಸಾಮಾನಿಗೆ ಮಾತ್ರ ಆರಿಸಿದೆ. ಮೂರನೇ ವಾರದಿಂದ ‘ಸಾಗರ’ವನ್ನು ಹಾಗೇ ಬಿಟ್ಟು ಎಂಟರ್ ಒತ್ತತೊಡಗಿದೆ. ಯಾರಿಗೆ ಏನು ನಷ್ಟ? ಮಾಲು ಹೊಸನಗರಕ್ಕೆ ತಪ್ಪದೆ ಹೋಗುತ್ತಿತ್ತು, ಗಿರಾಕಿಯ ಮಿಕ್ಸಿ ತಿರುಗುತ್ತಿತ್ತು. ಇಡೀ ಊರಿನ ಚಟ್ನಿ ಸುಸೂತ್ರವಾಗಿ ನುಣ್ಣಗಾಗುತ್ತಿರುವಾಗ ಒಂಬತ್ತನೇ ಖಾನೆಯನ್ನು ಯಾವ ದೇವರು ನೋಡುತ್ತಾನೆ ಅಂದುಕೊಂಡೆ.

ದೇವರು ನೋಡಲಿಲ್ಲ, ಹೆಗಡೆಯವರು ನೋಡಿದರು. ಮೊಬೈಲಿಗೆ ಬಣ್ಣ ಬಂದ ಮೇಲೆ ಅವರ ವಾರದ ಕಾಫಿ ತಿರುಗಾಟ ನಿಂತೇ ಹೋಗಿತ್ತು. ಆರು ತಿಂಗಳಾದ ಮೇಲೆ ತೀರ್ಥಹಳ್ಳಿ ಶಾಖೆಯ ಮಹಡಿಯಲ್ಲಿ ಎಲ್ಲರನ್ನೂ ಕೂಡಿಸಿದರು. ಮೇಡಂ ಗೋಡೆಗೆ ಬೆಳಕು ಬಿಟ್ಟರು. ಮೇಲೆ ಸಾಗರ, ಅಚ್ಚ ಹಸಿರು. ನಡುವೆ ತೀರ್ಥಹಳ್ಳಿ, ಹಳದಿ. ಕೆಳಗೆ ಹೊಸನಗರ, ಎಲೆ ಅಡಿಕೆ ಉಗುಳಿದ ಹಾಗೆ ಕೆಂಪು. ಆ ಶಾಖೆಗೆ ಗಿರಾಕಿಗಳೇ ಬರುತ್ತಿಲ್ಲ ಎಂದು ವರದಿ ಹೇಳುತ್ತಿತ್ತು, ಮುಚ್ಚಿದರೆ ಒಳ್ಳೆಯದು ಎಂದು ಸಲಹೆಯೂ ಬಂದಿತ್ತು. ಕೆಂಪಾದದ್ದು ನನ್ನ ಎಂಟರಿನಿಂದ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಹೊಳೆಯಲಿಲ್ಲ ಎಂದು ಬರೆದರೆ ನೀವು ನಂಬಿಬಿಡುತ್ತೀರಿ, ಆದರೆ ಹೊಳೆಯಿತು. ಹೆಗಡೆಯವರಿಗೂ ಎಲ್ಲೋ ಅನುಮಾನ. ಎಷ್ಟಾದರೂ ಕಾಫಿ ಕುಡಿದ ಕೌಂಟರು. ನನ್ನ ಕಡೆ ತಿರುಗಿ, “ಅಚ್ಯುತ, ಎಂಟ್ರಿ ಮಾಡೋನು ನೀನು. ಇದು ಸರಿ ಇದ್ಯೇನೋ?” ಎಂದು ಕೇಳಿದರು.

ಇಷ್ಟು ನೇರವಾದ ಪ್ರಶ್ನೆಯನ್ನು ನನ್ನ ಜೀವನದಲ್ಲಿ ಯಾರೂ ಕೇಳಿರಲಿಲ್ಲ. ತಾಳಿ ಕಟ್ಟುವಾಗಲೂ ಯಾರೂ ನನ್ನನ್ನು ಕೇಳಲಿಲ್ಲ. ಎದುರಿಗೆ ನಾಗರತ್ನಕ್ಕ ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು, ನನ್ನನ್ನೇ ನೋಡುತ್ತ ಕೂತಿದ್ದರು. ಇಲ್ಲ ಹೆಗಡೇರೇ, ನಾನು ಸೋಮಾರಿತನದಿಂದ ತಪ್ಪು ತುಂಬಿದ್ದೇನೆ ಎಂದರೆ ಸಾಕಿತ್ತು. ಒಂದು ದಿನದ ಬೈಗುಳ, ಒಂದು ಚಹಾ. ಆದರೆ ಗೋಡೆಯ ಮೇಲೆ ನನ್ನ ಸಾಗರ ಹಸಿರಾಗಿ ಹೊಳೆಯುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಹೊಳೆದದ್ದು ಅದೇ ಮೊದಲು. ಮೇಡಂ ಬೇರೆ ಆಗಷ್ಟೇ ನನಗೆ ಚಪ್ಪಾಳೆ ತಟ್ಟಿಸಿದ್ದರು. ನಾನು ಗಂಟಲು ಸರಿಮಾಡಿಕೊಂಡು, “ಸಿಸ್ಟಮ್ಮು ಹೇಳಿದ ಮೇಲೆ ಸರಿನೇ ಇರ್ಬೇಕು ಹೆಗಡೇರೇ” ಅಂದೆ. ನಾಗರತ್ನಕ್ಕ ಬ್ಯಾಗಿನ ಜಿಪ್ಪು ಎಳೆದುಕೊಂಡರು.

ಶಟರು ಆ ತಿಂಗಳ ಕೊನೆಗೆ ಇಳಿಯಿತು. ಹೆಗಡೆಯವರು ಕಟುಕರಲ್ಲ, ಸಾಗರದಲ್ಲಿ ಕೆಲಸ ಕೊಡುತ್ತೇನೆ, ಬಾ ಅಂದರು. ಬೆನ್ನಿಲ್ಲದ ಗಂಡನನ್ನು ಮಧ್ಯಾಹ್ನ ಮಗ್ಗುಲಿಗೆ ತಿರುಗಿಸಬೇಕು, ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಇಳಿಯುವ ಕೆಲಸ ಅವರಿಂದ ಹೇಗಾಗುತ್ತದೆ? ಸಿಸ್ಟಮ್ಮಿನಲ್ಲಿ ಅವರ ಹೆಸರಿನ ಮುಂದೆ ‘ಸ್ವಇಚ್ಛೆಯಿಂದ ರಾಜೀನಾಮೆ’ ಎಂದು ನಮೂದಾಯಿತು. ಅದನ್ನು ನಮೂದಿಸಿದ್ದೂ ನಾನೇ. ಈಗ ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ, ರವಿಕೆ ಹೊಲಿಸುವವರಿಗೆ, ಸೀರೆಗೆ ಫಾಲ್ಸು ಹಾಕಿಸುವವರಿಗೆ ಕಾಯುತ್ತಾರೆ. ನನಗೆ ‘ಉತ್ತಮ ಶಾಖೆ’ ಎಂದು ಕಟ್ಟು ಹಾಕಿಸಿದ ಒಂದು ಪ್ರಶಸ್ತಿಪತ್ರ ಕೊಟ್ಟರು. ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಅವಳು ಒರೆಸಿ ನೋಡಿ, “ನಾಗರತ್ನಕ್ಕಂಗೆ ಎಂತ ಕೊಟ್ರು?” ಅಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಕೇಳಿದ್ದು. ಆದರೂ ಆ ದಿನ ನಾನು ಅವಳ ಮೇಲೆ ಕಾರಣವಿಲ್ಲದೆ ರೇಗಾಡಿದೆ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು. ಹೆಚ್ಚಾಗಿರಲಿಲ್ಲ.

ಮೊನ್ನೆ ಹೊಸನಗರದಾಚೆ ಹುಲಿಕಲ್ ಕಡೆಯ ಒಬ್ಬರು ಎರಡು ಬಸ್ಸು ಬದಲಿಸಿಕೊಂಡು ನಮ್ಮ ಅಂಗಡಿಗೆ ಬಂದರು. ಪೇಪರು ಬಿಚ್ಚಿ, ಸವೆದ ಒಂದು ತುಂಡನ್ನು ಕೌಂಟರಿನ ಮೇಲೆ ಇಟ್ಟರು. ಸಿಸ್ಟಮ್ಮು ಪಾರ್ಟ್ ನಂಬರು ಕೇಳಿತು. ನಾನು ಅವರನ್ನು ಕೇಳಿದೆ. “ಎಂತ ನಂಬರು ಮಾರಾಯ್ರೇ? ಹೊಸನಗರದ ಅಕ್ಕ ಇದ್ದಿದ್ರೆ ಕೈಯಲ್ಲಿ ಮುಟ್ಟಿ ಹೇಳ್ತಿದ್ರು” ಎಂದು ಅವರು ಬೇಸರಪಟ್ಟುಕೊಂಡರು. ನಾನು ತುಂಡನ್ನು ಆ ಕಡೆ ಈ ಕಡೆ ತಿರುಗಿಸಿದೆ. ಇಪ್ಪತ್ತಾರು ವರ್ಷದ ಅನುಭವಿಗೆ ಅದು ಕಬ್ಬಿಣ ಎನ್ನುವುದರ ಹೊರತು ಬೇರೇನೂ ತಿಳಿಯಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಫೋಟೋ ತೆಗೆದು ನಾಗರತ್ನಕ್ಕನಿಗೆ ಕಳಿಸಿದೆ. ಒಂದು ನಿಮಿಷ ಆಗಿರಲಿಲ್ಲ, ಅವರೇ ಫೋನು ಮಾಡಿದರು. “ಅದು ಹಳೇ ಪಂಪಿನ ಬುಶ್ಶು ಅಚ್ಯುತಣ್ಣ. ಕಿಟಕಿ ಪಕ್ಕದ ರ‍್ಯಾಕು, ಮೇಲಿನ ಹಲಗೆ.” ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ನಿಂತದ್ದು ಕೇಳಿಸಿತು.

ಫೋನು ಇಡಲು ನನಗೆ ಮನಸ್ಸಾಗಲಿಲ್ಲ. ಗಿರಾಕಿಯ ಕಡೆ ಬೆನ್ನು ತಿರುಗಿಸಿ, “ನಾಗರತ್ನಕ್ಕ, ಆ ಒಂಬತ್ತನೇ ಖಾನೆ... ತಪ್ಪು ನಂದೇ ಆಗಿತ್ತು” ಅಂದೆ. ಬೈಯುತ್ತಾರೆ ಎಂದು ಕಾದೆ. ಬೈದರೆ ಹಗುರವಾಗುತ್ತೇನೆ ಎಂಬ ಆಸೆಯೂ ಇತ್ತು.

“ಗೊತ್ತಿತ್ತು ಅಚ್ಯುತಣ್ಣ. ನನ್ನ ಕಡೆಯ ಕಂಪ್ಯೂಟರಿನಲ್ಲೂ ಕಾಣ್ತಿತ್ತಲ್ಲ.”

“ಮತ್ತೆ ಆವತ್ತು ಹೆಗಡೇರ ಮುಂದೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?”

“ಅವರು ನಿಮ್ಮನ್ನೇ ಕೇಳಿದ್ರಲ್ಲ. ನೀವು ಹೇಳ್ತೀರಿ ಅಂತ ಕೂತಿದ್ದೆ.”

ಹೊಲಿಗೆ ಯಂತ್ರ ಮತ್ತೆ ಶುರುವಾಯಿತು. ನಾನು ಮೇಲಿನ ಹಲಗೆಗೆ ಕೈಹಾಕಿದೆ, ಬುಶ್ಶು ಅಲ್ಲೇ ಇತ್ತು. ಇಷ್ಟು ವರ್ಷದಲ್ಲಿ ಎಂತೆಂಥ ಚೂರು ತಂದಿಟ್ಟರೂ ಇದು ಇಂಥದ್ದೇ, ಇಂಥ ಕೆಲಸಕ್ಕೆ ಬರುವುದೇ ಎಂದು ನೋಡಿದ ತಕ್ಷಣ ಗುರುತಿಸುತ್ತಿದ್ದ ನಾಗರತ್ನಕ್ಕ, ನನಗೆ ಗೊತ್ತಿರುವಂತೆ, ತಪ್ಪಿದ್ದು ಒಂದೇ ಒಂದು ಸಲ. ಅದೂ ತೀರ್ಥಹಳ್ಳಿಯ ಮಹಡಿಯ ಮೇಲೆ, ಎದುರಿಗೇ ಕೂತಿದ್ದ ನನ್ನ ವಿಷಯದಲ್ಲಿ.