ಮೇವಿನ ಮೈದಾನದಲ್ಲಿ ಲದ್ದಿ ಎತ್ತುವ ಸರದಿಯ ಕುರಿತು

ಮೆರವಣಿಗೆ ಮತ್ತು ಮೇವು ಉಪಸಮಿತಿ
(ಮಾತೃಸಂಸ್ಥೆಯ ಹೆಸರು ತಕರಾರಿನಲ್ಲಿರುವುದರಿಂದ ಇಲ್ಲಿ ನಮೂದಿಸಿಲ್ಲ)
ಡೊಂಬಿವಲಿ ಪೂರ್ವ

ಕ್ರಮಾಂಕ: ಮೆಮೇಉ/ಲದ್ದಿ/ಸರದಿ/7-ಅ

ವಿಷಯ: ದಿವಾ–ಶಿಳ್ ರಸ್ತೆಯ ಬದಿಯ ಮೈದಾನದಲ್ಲಿ ಮೇಯುವ ಎರಡು ಕುದುರೆಗಳ ಲದ್ದಿಯನ್ನು ಸದಸ್ಯರು ಸಮಾನವಾಗಿ ಹಂಚಿಕೊಂಡು ಎತ್ತುವ ಬಗ್ಗೆ.

ಉಲ್ಲೇಖ: 1) ಸುತ್ತೋಲೆ 7 (ಬೇಲಿಗೆ ಕಟ್ಟಿದ್ದಾಗ ಕುದುರೆ ತಿಂದಿರುವುದರಿಂದ ಲಭ್ಯವಿಲ್ಲ).
2) ಜಾಗದ ಮಾಲೀಕ ಶ್ರೀ ದಿಲೀಪ ಭೋಯಿರ ಅವರು ಬೈಕಿನಿಂದ ಇಳಿಯದೆಯೇ ನೀಡಿದ ಮೌಖಿಕ ಎಚ್ಚರಿಕೆ.
3) ಪಶುವೈದ್ಯೆ ಡಾ. ಅಪರ್ಣಾ ಅವರ ತಪಾಸಣೆ ಮತ್ತು ಹೋಗುವಾಗ ಅವರು ಆಡಿದ ಮಾತು.

ಪೀಠಿಕೆ:

ರಾಜ್ಯೋತ್ಸವದ ಮೆರವಣಿಗೆಯಲ್ಲಿ ರಾಣಿ ಅಬ್ಬಕ್ಕನನ್ನು ಕುದುರೆಯ ಮೇಲೆ ಕೂರಿಸಬೇಕೆಂದು ಕರಾವಳಿಯ ಸದಸ್ಯರೂ, ಕಿತ್ತೂರು ಚೆನ್ನಮ್ಮನನ್ನೇ ಕೂರಿಸಬೇಕೆಂದು ಉತ್ತರ ಕರ್ನಾಟಕದ ಸದಸ್ಯರೂ ಪಟ್ಟು ಹಿಡಿದದ್ದು ಎಲ್ಲರಿಗೂ ತಿಳಿದ ವಿಚಾರ. ಇಬ್ಬರು ರಾಣಿಯರು ಒಂದೇ ಕುದುರೆಯನ್ನು ಸರದಿಯಲ್ಲಿ ಏರಲು ಎರಡೂ ಕಡೆಯವರು ಒಪ್ಪದ ಕಾರಣ, ಮದುವೆಯ ಬಾರಾತುಗಳಲ್ಲಿ ವರನನ್ನು ಹೊತ್ತು ದಣಿದಿದ್ದ ಮೋಗರಾ ಮತ್ತು ಬಿಜಲಿ ಎಂಬ ಎರಡು ಹೆಣ್ಣು ಕುದುರೆಗಳನ್ನು ಮುಂಬ್ರಾದಿಂದ ಕೊಂಡು ತರಲಾಯಿತು. ಮೆರವಣಿಗೆಯು ಒಂದೇ ಸಂಜೆಗೆ ಮುಗಿಯುವುದೆಂಬುದೂ ಕುದುರೆಗಳು ಮರುದಿನ ಬೆಳಿಗ್ಗೆಯೂ ಇರುವುವೆಂಬುದೂ ಆಗ ಸಮಿತಿಯ ಗಮನಕ್ಕೆ ಬಂದಿರಲಿಲ್ಲ.

ಶ್ರೀ ಭೋಯಿರ ಅವರು ತಮ್ಮ ಮೈದಾನವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟು, "ಘೋಡೆ ರಾಹೂ ದ್ಯಾ, ಪಣ್ ಘಾಣ ನಕೋ," ಅಂದರೆ ಕುದುರೆಗಳಿರಲಿ, ಹೊಲಸು ಮಾತ್ರ ಬೇಡ ಎಂಬ ಒಂದೇ ಷರತ್ತನ್ನು ವಿಧಿಸಿದ್ದರು. ಆಷಾಢದಲ್ಲಿ ಬಂದು ನೋಡಿ, ಚೌತಿಯೊಳಗೆ ಮೈದಾನ ಚೊಕ್ಕವಾಗದಿದ್ದರೆ ಭಿವಂಡಿಯ ಗೋದಾಮುಗಳ ಟ್ರಕ್ಕುಗಳಿಗೆ ನಿಲ್ಲಲು ಜಾಗ ಕೊಡುವುದಾಗಿ ತಿಳಿಸಿದರು. ಹಾಗಾದಲ್ಲಿ ಕುದುರೆಗಳನ್ನು ಮರಳಿ ಬಾರಾತಿನ ಕೆಲಸಕ್ಕೆ ಕಳಿಸುವುದಲ್ಲದೆ ಬೇರೆ ದಾರಿಯಿಲ್ಲ. ಮೋಗರಾ ಇನ್ನೊಂದು ಮದುವೆಯ ಹಂಗಾಮನ್ನು ತಾಳಲಾರಳೆಂದು ಡಾ. ಅಪರ್ಣಾ ಅವರು ಹೇಳಿರುತ್ತಾರೆ. ಆದುದರಿಂದ ವಿಷಯವು ತುರ್ತಿನದೆಂದು ಪರಿಗಣಿಸಿ ಒಂದು ಉಪಸಮಿತಿಯನ್ನು ರಚಿಸಲಾಯಿತು.

ನಿಯಮಗಳು ಮತ್ತು ಈವರೆಗಿನ ಕ್ರಮಗಳು:

1. ಲದ್ದಿ ಎಂದರೆ ಈ ಎರಡು ಕುದುರೆಗಳು ಹಾಕಿದ್ದು ಮಾತ್ರ. ಬೇಲಿ ದಾಟಿ ಬರುವ ಬೀಡಾಡಿ ದನಗಳ ಸಗಣಿಯು ಇದರಲ್ಲಿ ಸೇರತಕ್ಕದ್ದಲ್ಲ. ಕೆಲವು ಸದಸ್ಯರು ಸಗಣಿಯನ್ನು ಭಕ್ತಿಯಿಂದ ಎತ್ತಿ ಮನೆಗೆ ಒಯ್ದು, ಪಕ್ಕದಲ್ಲೇ ಇದ್ದ ಲದ್ದಿಯನ್ನು ಪಂಚೆ ಎತ್ತಿ ದಾಟಿ ಹೋಗಿರುವುದು ಕಂಡುಬಂದಿದೆ. ಒಯ್ದ ಸಗಣಿಯನ್ನು ಸರದಿಯ ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ.

2. ಸದಸ್ಯರ ಮೂಲ ಊರನ್ನು ಆಧರಿಸಿ ಮೈದಾನವನ್ನು ಕರಾವಳಿ, ಉತ್ತರ ಮತ್ತು ಹಳೇ ಮೈಸೂರು ಎಂದು ಮೂರು ವಿಭಾಗಗಳಾಗಿ ಸುಣ್ಣದ ಗೆರೆ ಎಳೆದು ಹಂಚಲಾಗಿದೆ. ಆಯಾ ವಿಭಾಗದ ಲದ್ದಿಯು ಆಯಾ ಭಾಗದವರದು. ಈ ಬಗ್ಗೆ ವಿಜಯಪುರ ಮೂಲದ, ಐರೋಲಿ ನಿವಾಸಿ ಶ್ರೀ ಅನಿಲಕುಮಾರ ಅವರು, "ನಿಮ್ಮ ಕುದ್ರಿ ನಿಮ್ಮ ಕಡೆ ಮೇಯ್ತದ, ನಮ್ಮ ಕಡೆ ಬಂದು ಹಾಕ್ತದ. ಇದ್ಯಾವ ನ್ಯಾಯ್ರೀ?" ಎಂದು ಆಕ್ಷೇಪಿಸಿದರು. ಠಾಣೆ ನಗರದಲ್ಲಿ ಹೋಟೆಲು ನಡೆಸುವ ಶ್ರೀ ಕುಶಲ ಶೆಟ್ಟಿಯವರು, "ನಿಮ್ಮ ಜಾಗದಲ್ಲಿ ಬಿದ್ದ ಮೇಲೆ ಅದು ನಿಮ್ಮದೇ ಅಲ್ವಾ ಮಾರಾಯ್ರೆ, ನಾವು ಕೇಳ್ಲಿಕ್ಕೆ ಬರುವುದಿಲ್ಲ," ಎಂದು ಹಕ್ಕನ್ನು ಉದಾರವಾಗಿ ಬಿಟ್ಟುಕೊಟ್ಟರು. ಎರಡೂ ಹೇಳಿಕೆಗಳನ್ನು ದಾಖಲಿಸಿಕೊಂಡು ಚಹಾ ವಿತರಿಸಲಾಯಿತು.

3. ಗೆರೆಯ ಮೇಲೆಯೇ ಬಿದ್ದ ಲದ್ದಿಯು ಗಡಿ ಲದ್ದಿ ಎನಿಸುವುದು. ಸಮಿತಿಯು ತೀರ್ಮಾನಿಸುವವರೆಗೆ ಅದನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು. ಮಳೆಗೆ ಸುಣ್ಣದ ಗೆರೆ ಕರಗಿದ ದಿನದಿಂದ ಮೈದಾನದ ಲದ್ದಿಯೆಲ್ಲವೂ ಗಡಿ ಲದ್ದಿಯೆಂದು ಮೂರೂ ವಿಭಾಗಗಳವರು ವಾದಿಸಿರುತ್ತಾರೆ. ಮೂರೂ ವಿಭಾಗಗಳು ಒಮ್ಮತಕ್ಕೆ ಬಂದದ್ದು ಇದೊಂದೇ ವಿಷಯದಲ್ಲಿ.

4. ಶ್ರೀ ಕುಶಲ ಶೆಟ್ಟಿಯವರ ಸಲಹೆಯಂತೆ ಹೋಟೆಲಿನ ಪದ್ಧತಿಯನ್ನು ಅಳವಡಿಸಲಾಗಿದೆ. ಅಲ್ಲಿ ತಿಂಡಿ ತಂದಿಡುವವನು ಮೇಜು ಒರೆಸುವುದಿಲ್ಲ, ಮೇಜು ಒರೆಸುವವನು ನೀರು ಕೊಡುವುದಿಲ್ಲ. ಅದೇ ಪ್ರಕಾರ ಇಲ್ಲಿ ಲದ್ದಿಯನ್ನು ಗುರುತಿಸುವವರು, ಎತ್ತುವವರು, ಹೊರುವವರು ಬೇರೆ ಬೇರೆ ಇರತಕ್ಕದ್ದು. ಗೇಟಿನ ಬಳಿ ಗಲ್ಲಾದಂತೆ ಒಂದು ಮೇಜು ಕುರ್ಚಿ ಇಟ್ಟು, ಒಬ್ಬರು ಕುಳಿತು ಒಟ್ಟಾರೆ ನೋಡಿಕೊಳ್ಳತಕ್ಕದ್ದು. ಸದಸ್ಯರೆಲ್ಲರೂ ಗಲ್ಲಾಕ್ಕೇ ಅರ್ಜಿ ಹಾಕಿರುವುದರಿಂದ ಸದ್ಯ ಗೇಟಿನ ಬಳಿ ಕುರ್ಚಿಗಳ ಸಾಲು ಇದ್ದು, ಒಳಗೆ ಯಾರೂ ಇಲ್ಲ.

5. ಏಕಾದಶಿ, ಸಂಕಷ್ಟಿ, ಮಡಿ, ಮೈಲಿಗೆ, ಸೊಂಟನೋವು, ಮಕ್ಕಳ ಪರೀಕ್ಷೆ ಮತ್ತು ಲೋಕಲ್ ಟ್ರೇನಿನಲ್ಲಿ ಅಪರೂಪಕ್ಕೆ ಕಿಟಕಿಯ ಸೀಟು ಸಿಕ್ಕಿ ದಿವಾದಲ್ಲಿ ಇಳಿಯಲು ಮನಸ್ಸಾಗದಿರುವುದು, ಇವುಗಳಿಗೆ ವಿನಾಯಿತಿ ಇದೆ. ವಿನಾಯಿತಿ ಪಡೆದವರು ಬದಲಿ ಸದಸ್ಯರನ್ನು ಸೂಚಿಸತಕ್ಕದ್ದು. ಸೂಚಿಸಲ್ಪಟ್ಟವರೂ ವಿನಾಯಿತಿ ಪಡೆದಿದ್ದಲ್ಲಿ, ಇಬ್ಬರೂ ಪರಸ್ಪರ ಬದಲಿ ಎಂದು ತಿಳಿದು ಮನೆಯಲ್ಲೇ ಇರಬಹುದು.

6. ಕುದುರೆಯು ತಾನು ಲದ್ದಿ ಹಾಕಿದಲ್ಲಿ ಬಾಯಿ ಹಾಕುವುದಿಲ್ಲ. ಅಂಥ ಕಡೆ ಹುಲ್ಲು ಮೊಣಕಾಲೆತ್ತರ ಬೆಳೆದು ಕಪ್ಪು ಹಸಿರಾಗಿ ನಿಲ್ಲುತ್ತದೆ. ಕುದುರೆಯು ಅದನ್ನು ಮೂಸಿ, ಮುಖ ತಿರುಗಿಸಿ, ಉಳಿದ ಕಡೆಯ ಗಿಡ್ಡ ಹುಲ್ಲನ್ನೇ ಬೇರಿನ ತನಕ ಕೆರೆದು ತಿನ್ನುತ್ತದೆ. ದಿನ ಕಳೆದಂತೆ ತಿನ್ನುವ ಜಾಗ ಕಿರಿದಾಗುತ್ತದೆ, ಲದ್ದಿಯ ಜಾಗ ಹಿಗ್ಗುತ್ತದೆ. ಮಳೆಗೆ ಲದ್ದಿ ಕದಡಿ, ಅದರೊಳಗಿನ ಹುಳದ ಮರಿಗಳು ಒದ್ದೆ ಹುಲ್ಲಿಗೆ ಹತ್ತುತ್ತವೆ. ಆಷಾಢದ ಹೊತ್ತಿಗೆ ಮೋಗರಾಳ ಪಕ್ಕೆಲುಬು ಎದ್ದು, ಕೂದಲು ಕಳೆಗುಂದಿ, ಬೇಲಿಗೆ ಮೈ ಒರಗಿಸಿ ನಿಲ್ಲುವಂತಾಗಿತ್ತು. ಡಾ. ಅಪರ್ಣಾ ಅವರು ಹುಳದ ಔಷಧ ಕೊಟ್ಟು, "ಲದ್ದಿ ಎತ್ತದಿದ್ರೆ ಇವಳು ಮತ್ತೆ ಅದೇ ಹುಳ ತಿಂತಾಳೆ. ನಿಮ್ಮ ಸುತ್ತೋಲೆಯಿಂದ ಹುಳ ಸಾಯೋದಿಲ್ಲ ಸರ್," ಎಂದರು. ಅದಕ್ಕೂ ಮೊದಲಿನ ಸುತ್ತೋಲೆಗಳನ್ನು ಮೋಗರಾ ತಿಂದ ಮೇಲೂ ಹುಳ ಸತ್ತಿರಲಿಲ್ಲವಾದ್ದರಿಂದ ಈ ಅಭಿಪ್ರಾಯವನ್ನು ಸಮಿತಿಯು ಒಪ್ಪಿಕೊಂಡಿದೆ.

7. ಅನಧಿಕೃತ ಸ್ವಚ್ಛತೆ. ಶ್ರಾವಣದ ಒಂದು ಭಾನುವಾರ ಸಮಿತಿಯು ಸ್ಥಳ ಪರಿಶೀಲನೆಗೆ ಹೊರಡಬೇಕಿದ್ದು, ಹಳಿ ದುರಸ್ತಿಯ ಮೆಗಾಬ್ಲಾಕಿನ ನಿಮಿತ್ತ ದಿವಾದಲ್ಲಿ ನಿಲ್ಲುವ ಸ್ಲೋ ಗಾಡಿಗಳು ಇಲ್ಲದಿದ್ದರಿಂದ ಪದಾಧಿಕಾರಿಗಳು ಅವರವರ ಮನೆಯಲ್ಲೇ ಉಳಿದರು. ಇದೇ ಸಂದರ್ಭವನ್ನು ಬಳಸಿಕೊಂಡು, ದಿವಾ ನಿವಾಸಿ ಶ್ರೀಮತಿ ಪುಷ್ಪಾವತಿ ಮತ್ತು ಅವರ ಚಾಳಿನ (ವಠಾರದ) ಮಹಿಳೆಯರು ಬುಟ್ಟಿ, ಗೋಣಿ, ಮುರಿದ ಬಕೆಟುಗಳೊಂದಿಗೆ ಮೈದಾನವನ್ನು ಪ್ರವೇಶಿಸಿ, ಕರಾವಳಿ, ಉತ್ತರ, ಹಳೇ ಮೈಸೂರು ಎಂಬ ಭೇದವೆಣಿಸದೆ, ಎತ್ತಿದವರೇ ಹೊತ್ತು, ಗಲ್ಲಾದಲ್ಲಿ ಒಬ್ಬರನ್ನೂ ಕೂರಿಸದೆ, ಮಧ್ಯಾಹ್ನದೊಳಗೆ ಇಡೀ ಮೈದಾನವನ್ನು ತೆರವುಗೊಳಿಸಿರುತ್ತಾರೆ. ಇದರಲ್ಲಿ ಗಡಿ ಲದ್ದಿಯೂ ಸೇರಿದೆ. ಉಪಸಮಿತಿಯ ಸಂಚಾಲಕರ ಧರ್ಮಪತ್ನಿ ಶ್ರೀಮತಿ ರಮಾಮಣಿಯವರೂ ಡೊಂಬಿವಲಿಯಿಂದ ರಿಕ್ಷಾದಲ್ಲಿ ಹೋಗಿ ಈ ಕೃತ್ಯದಲ್ಲಿ ಭಾಗವಹಿಸಿರುವುದು ವಿಷಾದನೀಯ. ಹೊರಡುವಾಗ ಅವರು, "ಸುತ್ತೋಲೆ ಇಷ್ಟಾಯ್ತು, ಬುಟ್ಟಿ ಒಂದೂ ತುಂಬ್ಲಿಲ್ಲ. ಸಾರು ಬಿಸಿ ಮಾಡಿಕೊಂಡು ಊಟ ಮಾಡಿ," ಎಂದು ಸಂಚಾಲಕರಿಗೆ ತಿಳಿಸಿದ್ದು, ಸಂಚಾಲಕರು ಅದರಂತೆ ಕ್ರಮ ಕೈಗೊಂಡಿರುತ್ತಾರೆ.

8. ಯಾವ ಲದ್ದಿ ಯಾರದೆಂದು ತೀರ್ಮಾನವಾಗುವ ಮೊದಲೇ ಸಾಕ್ಷ್ಯವು ಸ್ಥಳಾಂತರಗೊಂಡಿರುವುದರಿಂದ, ಸದರಿ ಲದ್ದಿಯನ್ನು ಮೂಲ ಸ್ಥಾನದಲ್ಲಿ ಮೂಲ ಆಕಾರದಲ್ಲಿ ಮರುಸ್ಥಾಪಿಸಬೇಕೆಂದು ಸುತ್ತೋಲೆ 7ರಲ್ಲಿ ಆದೇಶಿಸಲಾಗಿತ್ತು. ಲದ್ದಿಯು ಕಳಿತು, ಚಾಳಿನ ಹಿಂದಿನ ಬಸಳೆ ಚಪ್ಪರದ ಬುಡ ಸೇರಿದೆಯೆಂದು ಶ್ರೀಮತಿ ಪುಷ್ಪಾವತಿಯವರು ಉತ್ತರಿಸಿದರು. ಸದರಿ ಬಸಳೆಯನ್ನಾದರೂ ವಶಪಡಿಸಿಕೊಳ್ಳಲು ಸಮಿತಿಯು ಮುಂದಾದಾಗ, ಕಳೆದ ಸಭೆಯ ಊಟಕ್ಕೆ ಬಡಿಸಿದ್ದ ಬಸಳೆ ಹುಳಿಯು ಅದೇ ಎಂದು ತಿಳಿದುಬಂತು. "ದಂಟು ಅಂದ್ರೆ ಹೀಗಿರ್ಬೇಕು, ಇನ್ನೊಂದು ಸೌಟು ಹಾಕಿ," ಎಂದು ಶ್ರೀ ಕುಶಲ ಶೆಟ್ಟಿಯವರೂ, "ನಮಗೂ ಬರ್ಲಿರೀ," ಎಂದು ಶ್ರೀ ಅನಿಲಕುಮಾರರೂ ಅಂದು ಹೇಳಿದ್ದು ನಡಾವಳಿಯಲ್ಲಿದೆ. ಹೀಗಾಗಿ ಸಾಕ್ಷ್ಯವನ್ನು ಸಮಿತಿಯೇ ಸರ್ವಾನುಮತದಿಂದ ಸೇವಿಸಿದಂತಾಗಿದ್ದು, ಮರುಸ್ಥಾಪನೆಯ ಆದೇಶವನ್ನು ತಡೆಹಿಡಿಯಲಾಗಿದೆ.

9. ಅಂದಿನಿಂದ ಸದರಿ ಮಹಿಳೆಯರು ಬೆಳಗಿನ ಹೊತ್ತು ಸರದಿಯ ಪಟ್ಟಿಯಿಲ್ಲದೆ, ಬಿಡುವಿದ್ದವರು ಬಂದು ಎತ್ತುವ ಕ್ರಮಬಾಹಿರ ಪದ್ಧತಿಯನ್ನು ಮುಂದುವರಿಸಿರುತ್ತಾರೆ. ಎಲ್ಲೆಡೆ ಹುಲ್ಲು ಸಮನಾಗಿ ಚಿಗುರಿದೆ. ಮೋಗರಾಳ ಪಕ್ಕೆಲುಬು ಮುಚ್ಚಿಕೊಂಡಿದೆ. ನಿಯಮಗಳನ್ನು ಪಾಲಿಸದೆ ಈ ಸ್ಥಿತಿಗೆ ಬಂದಿರುವ ಬಗ್ಗೆ ಕುದುರೆಯಿಂದ ವಿವರಣೆ ಕೇಳುವಂತಿಲ್ಲವೆಂದು ಕಾನೂನು ಸಲಹೆ ಬಂದಿದೆ.

10. ಚೌತಿಯ ಮುನ್ನಾದಿನ ಬಂದು ಸುತ್ತಾಡಿ ನೋಡಿದ ಶ್ರೀ ಭೋಯಿರ ಅವರು ಟ್ರಕ್ಕಿನವರಿಗೆ ಜಾಗವಿಲ್ಲವೆಂದು ಅಲ್ಲಿಂದಲೇ ಫೋನ್ ಮಾಡಿ ತಿಳಿಸಿದರು. ತರುವಾಯ ಗೇಟಿನ ಕೀಲಿಯನ್ನು, ಗಲ್ಲಾದ ಕುರ್ಚಿಗಳಿಂದ ಎದ್ದು ನಿಂತು ಕೈಚಾಚಿದ್ದ ಪದಾಧಿಕಾರಿಗಳನ್ನು ದಾಟಿ ಹೋಗಿ, ಶ್ರೀಮತಿ ಪುಷ್ಪಾವತಿಯವರ ಕೈಗೆ ಕೊಟ್ಟು, "ತಾಈ, ಆತಾ ಹೇ ತುಮಚ್ಯಾಕಡೇಚ," ಎಂದರು. ಅಕ್ಕಾ, ಇನ್ನು ಇದು ನಿಮ್ಮ ಹತ್ತಿರವೇ ಇರಲಿ ಎಂದು ಇದರ ಭಾವಾರ್ಥ. ಹಾಗಾಗಿ ಉಪಸಮಿತಿಗೆ ಮೈದಾನದ ಮೇಲೆ ಸಂಪೂರ್ಣ ಅಧಿಕಾರವಿದ್ದು, ಒಳಗೆ ಹೋಗಲು ಮಾತ್ರ ಅನುಮತಿ ಬೇಕಾಗಿದೆ.

11. ಅನುಮತಿ ಕೋರಿ ಸಂಚಾಲಕರು ಖುದ್ದಾಗಿ ಬೇಲಿಯ ಹೊರಗೆ ನಿಂತು ವಿನಂತಿಸಲಾಗಿ, ಶ್ರೀಮತಿ ಪುಷ್ಪಾವತಿಯವರು, "ಬನ್ನಿ ಸರ್, ಗೇಟು ತೆಗಿತೇನೆ. ಖಾಲಿ ಕೈಯಲ್ಲಿ ಮಾತ್ರ ಬರ್ಬೇಡಿ ಮಾರಾಯ್ರೆ," ಎಂಬ ಷರತ್ತಿನ ಮೇಲೆ ಒಪ್ಪಿರುತ್ತಾರೆ. ಪೇಡೆಯ ಡಬ್ಬಿಯು ಈ ಷರತ್ತನ್ನು ಪೂರೈಸುವುದಿಲ್ಲವೆಂದು ಸ್ಪಷ್ಟಪಡಿಸಲಾಗಿದೆ.

ಈ ಎಲ್ಲ ಕಾರಣಗಳಿಂದ, ಬರುವ ಭಾನುವಾರ ಪದಾಧಿಕಾರಿಗಳೆಲ್ಲರೂ ಹುದ್ದೆಗೊಂದರಂತೆ ಬುಟ್ಟಿಯೊಂದಿಗೆ ಹಾಜರಿರತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಮೆಗಾಬ್ಲಾಕ್ ಇದ್ದರೂ ರಿಕ್ಷಾ ಇರುತ್ತದೆಂಬುದು ಅನುಭವದಿಂದ ಸಾಬೀತಾಗಿದೆ. ಕುರ್ಚಿಗಳನ್ನು ತರತಕ್ಕದ್ದಲ್ಲ.

(ಸಹಿ)
ಹೃಷೀಕೇಶ ಉಪಾಧ್ಯ
ಸಂಚಾಲಕರು, ಮೆರವಣಿಗೆ ಮತ್ತು ಮೇವು ಉಪಸಮಿತಿ

ಪ್ರತಿಗಳು:
1. ಶ್ರೀ ಕುಶಲ ಶೆಟ್ಟಿ, ಠಾಣೆ: ಹೋಟೆಲಿನ ಹಳೆಯ ಬುಟ್ಟಿಗಳನ್ನು ತರುವ ಕೋರಿಕೆಯೊಂದಿಗೆ.
2. ಶ್ರೀ ಅನಿಲಕುಮಾರ, ಐರೋಲಿ: ಯಾವ ಕುದುರೆಯದ್ದೆಂದು ಕೇಳದಿರುವ ಕೋರಿಕೆಯೊಂದಿಗೆ.
3. ಡಾ. ಅಪರ್ಣಾ: ಮಾಹಿತಿಗಾಗಿ. ಈ ಪ್ರತಿಯನ್ನು ಕುದುರೆಗೆ ಎಟುಕದಂತೆ ಇಡಲಾಗುವುದು.
4. ಶ್ರೀಮತಿ ಪುಷ್ಪಾವತಿ, ದಿವಾ: ಗೇಟು ತೆರೆಯುವ ಸಲುವಾಗಿ.
5. ಶ್ರೀಮತಿ ರಮಾಮಣಿ, ಅಡುಗೆಮನೆ, ಇಲ್ಲೇ: ಭಾನುವಾರಕ್ಕೆ ಸಂಚಾಲಕರ ಹಳೆಯ ಪ್ಯಾಂಟು ಹುಡುಕಿಡುವ ಬಗ್ಗೆ. ರಿಕ್ಷಾದಲ್ಲಿ ಒಬ್ಬರಿಗೆ ಜಾಗ ಇದ್ದಲ್ಲಿ ತಿಳಿಸುವುದು.