ಔಷಧಿ ಅಂಗಡಿ ಪಕ್ಕ ಎಡಕ್ಕೆ

ವಿಳಾಸದ ಚೀಟಿ ಪುಯೆಬ್ಲಾ ಕಡೆಯಿಂದ ಬರುತ್ತಿದ್ದ ಬಸ್ಸಿನ ಕಿಟಕಿಯಿಂದ ಹಾರಿಹೋದಾಗ ಫಿಡೆನ್ಸಿಯೊ ನಕ್ಕುಬಿಟ್ಟ. ಚರ್ಚಿನ ಹೆಸರು ಸಾಂತಾ ರೀತಾ ಅಂತ ನೆನಪಿತ್ತಲ್ಲ, ಬೀದಿಯ ಹೆಸರು ಮರೆತರೇನಂತೆ? ಇಡೀ ಮೆಕ್ಸಿಕೊ ನಗರದಲ್ಲಿ ದಾರಿ ಹೇಳುವವರಿಗೇನು ಕೊರತೆ?

ಹನ್ನೆರಡು ಗಂಟೆಗೆ ಗೆಳೆಯ ನಿಕಾನೋರನ ಮಗಳ ಜ್ಞಾನಸ್ನಾನ. ಫಿಡೆನ್ಸಿಯೊನೇ ಜ್ಞಾನಪಿತ, ಮಗುವಿನ ಧರ್ಮತಂದೆ. ಮಗುವಿನ ಬಿಳಿ ಅಂಗಿ ತರುವುದು ಜ್ಞಾನಪಿತನ ಹೊಣೆ. ಅದು ಅವನ ಕಂಕುಳಲ್ಲಿದ್ದ ಡಬ್ಬದಲ್ಲಿತ್ತು. ಮೊದಲ ಸಲ ರಾಜಧಾನಿಗೆ ಬಂದ ಖುಷಿಗೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮೆಟ್ರೊ ಇಳಿದು ತಮಾಲೆ ಎಂಬ ಜೋಳದ ಕಡುಬು ಮಾರುವವಳನ್ನು ಕೇಳಿದ.

"ಸಾಂತಾ ರೀತಾನಾ? ಇಲ್ಲೇ ಕಣಪ್ಪಾ. ನೇರ ಹೋಗಿ ಬಲಕ್ಕೆ ತಿರುಗು."

ಬಲಕ್ಕೆ ತಿರುಗಿದರೆ ಪಂಕ್ಚರ್ ಅಂಗಡಿ. ಅಂಗಡಿಯವನು ಸ್ಪಾನರ್ ಎತ್ತಿ ತೋರಿಸಿದ. "ಈ ಕಡೆ ಯಾರಣ್ಣ ಕಳಿಸಿದ್ದು? ಮಿನಿಬಸ್ ಹತ್ತಿ. ಔಷಧಿ ಅಂಗಡಿ ಸಿಗುತ್ತೆ, ಪಕ್ಕ ಎಡಕ್ಕೆ."

ಮಿನಿಬಸ್ಸಿನಲ್ಲಿ ಕೇಳಿದ್ದೇ ತಪ್ಪಾಯಿತು. ಅರ್ಧ ಬಸ್ಸು ಇಳಿಯಿರಿ ಎಂದಿತು, ಇನ್ನರ್ಧ ಕೂತಿರಿ ಎಂದಿತು. ಗೊತ್ತಿಲ್ಲ ಎಂದವರು ಒಬ್ಬರೂ ಇಲ್ಲ. ದಾರಿ ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದು ಅಲ್ಲಿ ಮರ್ಯಾದೆಯಲ್ಲ. ಫಿಡೆನ್ಸಿಯೊನ ಊರಿನಲ್ಲೂ ಅಲ್ಲ.

ಹನ್ನೊಂದೂಮುಕ್ಕಾಲಿಗೆ ಮೂರನೆಯ ಔಷಧಿ ಅಂಗಡಿಯ ಮುಂದೆ ಹುಲ್ಲುಟೋಪಿ ಹಿಂದೆ ಸರಿಸಿ ಬೆವರೊರೆಸಿಕೊಳ್ಳುತ್ತಿದ್ದಾಗ ಹಳೆಯ ಕಾರೊಂದು ಪಕ್ಕದಲ್ಲೇ ನಿಂತಿತು. ನೀಲಿ ಶರ್ಟಿನ ದುಂಡುಮುಖದವನು ತಲೆ ಹೊರಗೆ ಹಾಕಿದ.

"ಯಜಮಾನ್ರೇ, ಲಿರಿಯೊ ಬೀದಿ ಯಾವ ಕಡೆ?"

ಆ ಹೆಸರನ್ನು ಫಿಡೆನ್ಸಿಯೊ ಕೇಳಿಯೇ ಇರಲಿಲ್ಲ. ಆದರೆ ಕಾರಿನವನೊಬ್ಬ ತನ್ನನ್ನು ಈ ನಗರದವನೆಂದೇ ತಿಳಿದನಲ್ಲ, ಎದೆಯುಬ್ಬಿತು. ತನಗೆ ಗೊತ್ತಿದ್ದ ಒಂದೇ ದಾರಿಯನ್ನು, ತಾನು ಊರಿನಿಂದ ಬಸ್ಸಿನಲ್ಲಿ ಬಂದದ್ದನ್ನು, ತೋರಿಸಿದ.

"ದೊಡ್ಡ ರಸ್ತೆ ಸಿಗೋವರೆಗೂ ಹೋಗಿ ಸ್ವಾಮಿ. ಆಮೇಲೆ ಎಲ್ಲೂ ತಿರುಗಲೇಬೇಡಿ."

ಕಾರು ಮರೆಯಾಗುತ್ತಿದ್ದಂತೆ ಅಂಗಡಿಯ ಹಿಂದೆಯೇ ಚರ್ಚಿನ ಗಂಟೆ ಮೊಳಗಿತು. ಪಕ್ಕ ಎಡಕ್ಕೆ ಸಾಂತಾ ರೀತಾ! ಫಿಡೆನ್ಸಿಯೊ ಓಡಿದ. ನಿಕಾನೋರ ಅವನನ್ನು ಬಾಚಿ ತಬ್ಬಿಕೊಂಡ. ಅಂಗಿ ಮಗುವಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಬಾರದವರು ಪಾದ್ರಿಗಳೊಬ್ಬರೇ. ಒಂದು ಗಂಟೆಗೆ ನಿಕಾನೋರನ ಫೋನ್ ಬಡಿದುಕೊಂಡಿತು. ಕೇಳುತ್ತ ಕೇಳುತ್ತ ಅವನ ಮುಖ ಕೆಂಪಾಯಿತು.

"ಹೊಸ ಪಾದ್ರಿಗಳು ಪುಯೆಬ್ಲಾ ಹೆದ್ದಾರೀಲಿದ್ದಾರೆ. ಯಾರೋ ಹುಲ್ಲುಟೋಪಿಯವನು ಕಳಿಸಿದ್ನಂತೆ. ಕೈಗೆ ಸಿಗಲಿ, ಕಾಲು ಮುರೀತೀನಿ."

"ಈ ಬೀದಿ ಹೆಸರೇನು?" ಫಿಡೆನ್ಸಿಯೊ ಮೆಲ್ಲಗೆ ಕೇಳಿದ.

"ಲಿರಿಯೊ. ಯಾಕೆ?"

ಫಿಡೆನ್ಸಿಯೊ ಟೋಪಿ ತೆಗೆದು ಖಾಲಿ ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದ.

"ಆ ರಸ್ತೇಲೇ ಬಂದೋನು ನೀನು," ಎಂದು ನಿಕಾನೋರ, ಪಾದ್ರಿಗಳು ಇನ್ನೂ ಕಾಯುತ್ತಿದ್ದ ಫೋನಿನ ಸ್ಪೀಕರ್ ಹಾಕಿ ಅವನ ಬಾಯಿಗೆ ಹಿಡಿದ. "ನೀನೇ ದಾರಿ ಹೇಳು."

ನೆಂಟರೆಲ್ಲ ಸುತ್ತ ನೆರೆದರು.

"ಹಿಂದಕ್ಕೆ ತಿರುಗಿಸಿ ಸ್ವಾಮಿ," ಎಂದ ಫಿಡೆನ್ಸಿಯೊ. "ಆಮೇಲೆ ಎಲ್ಲೂ ತಿರುಗಲೇಬೇಡಿ."

ಅತ್ತ ಕಾರಿಗೆ ಬ್ರೇಕ್ ಬಿದ್ದ ಸದ್ದು ಕೇಳಿತು.

"ಯಜಮಾನ್ರೇ," ಎಂದಿತು ಫೋನು, "ಔಷಧಿ ಅಂಗಡಿ ಹತ್ರ ಇದ್ದವರು ನೀವೇ ಅಲ್ವಾ?"