ಇಬ್ಬರು ಈರಮ್ಮಂದಿರು, ಒಂದು ಅರ್ಜಿ

ಪ್ರಯೋಗಶಾಲೆಯಲ್ಲಿ ತಪ್ಪಾದರೆ ಸೀಸೆ ತೊಳೆದು ಮತ್ತೆ ಶುರುಮಾಡಬಹುದು. ಕಳಿಸಿಬಿಟ್ಟ ಅರ್ಜಿಯಲ್ಲಿ ಹಾಗಲ್ಲ. ಒಂದು ತಪ್ಪು ತಿದ್ದಿದರೆ ಇನ್ನೊಂದು ಹುಟ್ಟುತ್ತದೆ. ಬಿ.ಎಸ್ಸಿ. ಮುಗಿಸಿ ಆದವಾನಿಯ ಹತ್ತಿ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತನಾದ ಮೊದಲ ವರ್ಷವೇ ಇದು ನನಗೆ ಮನದಟ್ಟಾಯಿತು.

ನಮ್ಮ ಜಿನ್ನಿನ ಫಿಟ್ಟರೊಬ್ಬ ಉಗಾಂಡದ ಜಿನ್ನಿಗೆ ಕೆಲಸಕ್ಕೆ ಹೋಗಿದ್ದ. ಮರುವರ್ಷ ಹೆಂಡತಿಯನ್ನು ಕರೆಸಿಕೊಳ್ಳುವೆನೆಂದಿದ್ದ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಗಂಡಹೆಂಡಿರು ಆರು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯುದ್ಧ ಮುಗಿದ ಮೇಲೆ, ದೀಪಾವಳಿ ಕಳೆದು ಹೊರಡುವ ಹಡಗಿನಲ್ಲಿ ಆಕೆಗೆ ಜಾಗ ಗೊತ್ತುಮಾಡಿದ. ಅಷ್ಟರೊಳಗೆ ಮುಂಬಯಿಯ ಕಚೇರಿಯಿಂದ ಉಗಾಂಡಕ್ಕೆ ಹೋಗುವ ಪರ್ಮಿಟ್ ಬರಬೇಕು. ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು.

ಎರಡು ಹೆಬ್ಬೆಟ್ಟು

ಗಂಡನ ಕಡೆಯ ಹಿರಿಯರೊಬ್ಬರು, ಹೆಂಡತಿಯ ಕಡೆಯ ಹಿರಿಯರೊಬ್ಬರು ಹೆಬ್ಬೆಟ್ಟು ಒತ್ತಬೇಕಿತ್ತು. ಅರ್ಜಿಯನ್ನು ಅವರ ಊರಿಗೆ ಕಳಿಸಿ, ಒತ್ತಿಸಿ ತರಿಸಿ, ಕಚೇರಿಗೆ ಕಳಿಸಿದೆ. ಅರ್ಜಿ ವಾಪಸು ಬಂತು: ಎರಡೂ ಗುರುತು ಒಬ್ಬರದೇ.

ಅವರ ಊರಾದ ಆಸ್ಪರಿಯಿಂದ ರೈಲಿನಲ್ಲಿ ಅತ್ತೆ ಸೊಸೆ, ಅಂದರೆ ಫಿಟ್ಟರನ ತಾಯಿ ಮತ್ತು ಹೆಂಡತಿ, ಬಂದರು. ಕೇಳಿದೆ.

"ತಪ್ಪೆಲ್ಲೈತಿ ತಮ್ಮಾ?" ಎಂದಳು ಅತ್ತೆ. "ತಾಯಿತಂದಿ ಇಲ್ಲದ ಕೂಸು. ನನ್ನ ಮಗಳ ಮಗಳು. ನಾನೇ ಸಾಕಿ ನನ್ನ ಮಗನಿಗೆ ತಂದೀನಿ. ಅವನ ಕಡೀಗೂ ನಾನೇ ಹಿರೇಕಿ, ಈಕಿ ಕಡೀಗೂ ನಾನೇ ಹಿರೇಕಿ. ಇನ್ನೊಂದು ಹೆಬ್ಬೆಟ್ಟು ಎಲ್ಲಿಂದ ತರ್ಲಿ, ಸಂತ್ಯಾಗ ಸಿಗ್ತೈತೇನು?"

ಕಾಲೇಜಿನಲ್ಲಿ ಬಟಾಣಿ ಗಿಡಗಳಿಗೆ ಬರೆಯುತ್ತಿದ್ದಂಥ ವಂಶವೃಕ್ಷವನ್ನು ಗೆರೆ ಎಳೆದು ಬರೆದು ಕಳಿಸಿದೆ. ಉತ್ತರ ಬಂತು: "ಚಿತ್ರ ತಲುಪಿತು. ಗಿಡ ಬೇಡ, ಇನ್ನೊಂದು ಹೆಬ್ಬೆಟ್ಟು ಕಳಿಸಿ."

ಹೆಂಡತಿಯ ಕಡೆಯ ಹಿರಿಯರೆಂದು ಊರ ಗೌಡರ ಹೆಬ್ಬೆಟ್ಟು ಹೋಯಿತು.

ಹದಿನೆಂಟು

ಮುಂದಿನ ಆಕ್ಷೇಪಣೆ: ಹೆಂಡತಿಯ ವಯಸ್ಸು ನಿಮ್ಮ ಅರ್ಜಿಯಲ್ಲಿ ಇಪ್ಪತ್ನಾಲ್ಕು, ಗಂಡನ ಕಾಗದದಲ್ಲಿ ಹದಿನೆಂಟು.

ಅವನು ಬಿಟ್ಟುಹೋದಾಗ ಆಕೆಗೆ ಹದಿನೆಂಟು. ಅದನ್ನೇ ಬರೆದಿದ್ದ.

"ಯಾವುದು ಇಡೋಣಮ್ಮಾ?" ಎಂದೆ.

ಸೊಸೆ ನೆಲ ನೋಡುತ್ತ, "ಹದಿನೆಂಟೇ ಇರ್ಲಿ ಬಿಡ್ರಿ" ಎಂದಳು.

ತಿದ್ದಬೇಕೆಂದು ಗಂಡನಿಗೇ ಬರೆದೆ. ಅವನ ಉತ್ತರ ಚುಟುಕಾಗಿತ್ತು: "ಆಕಿ ವಯಸ್ಸು ತಿದ್ದೀನ್ರಿ. ನನ್ನ ತಲೆಗೂದಲು ಹೋಗಿದ್ದು ಮಾತ್ರ ಆಕಿಗೆ ಹೇಳಬ್ಯಾಡ್ರಿ."

ಕಚೇರಿಯೇ ತಿದ್ದಿದ ತಪ್ಪು

ಹಡಗಿಗೆ ಎಂಟು ದಿನ ಉಳಿದಾಗ ಪರ್ಮಿಟ್ ಬಂತು. ಈರಮ್ಮ, ವಯಸ್ಸು ಅರವತ್ತೆರಡು, ಸಂಬಂಧ ತಾಯಿ. ಜೊತೆಗೊಂದು ಕಾಗದ: "ತಾಯಿಯ ಹೆಸರನ್ನೇ ಹೆಂಡತಿಗೂ ಬರೆದ ಸಣ್ಣ ತಪ್ಪನ್ನು ನಾವೇ ಸರಿಪಡಿಸಿದ್ದೇವೆ."

ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ನಮ್ಮ ಕಡೆ ತಪ್ಪಲ್ಲ, ಪದ್ಧತಿ. ಇಬ್ಬರೂ ಈರಮ್ಮಂದಿರೇ. ಇಬ್ಬರನ್ನೂ ಕರೆಸಿ ಕಾಗದ ಓದಿ ಹೇಳಿದೆ. ಸೊಸೆಯ ಕಣ್ಣು ತುಂಬಿದವು. ಅತ್ತೆ ಮಾತ್ರ, "ಹಂಗಾದ್ರ ನಾನೇ ಹೋಗಿ ಬರ್ಲೇನು?" ಎಂದಳು.

ಇನ್ನು ಟಪಾಲನ್ನು ನಂಬುವಂತಿರಲಿಲ್ಲ. ಇಬ್ಬರನ್ನೂ ಮುಂಬಯಿ ರೈಲು ಹತ್ತಿಸಿ ನಾನೂ ಹೊರಟೆ.

ಪರ್ಮಿಟ್ ಕಚೇರಿಯಲ್ಲಿ ಅಧಿಕಾರಿ "ಈರಮ್ಮ ಯಾರು?" ಎಂದರು. ಇಬ್ಬರೂ ಎದ್ದರು.

ಹೋಗಬೇಕಾದ ಹೆಂಡತಿ ಈ ಕಿರಿಯವಳು ಎಂದೆ. ಅಧಿಕಾರಿ ಯೋಚಿಸಿ, ಸೊಸೆಯತ್ತ ಬೆರಳು ತೋರಿ, ಗಂಡನ ಹೆಸರು ಹೇಳಲಿ ಎಂದರು. ಹೆಂಡತಿಯಾದವಳಿಗೆ ಅಷ್ಟು ಗೊತ್ತಿರಬೇಕಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಸೊಸೆ ಸೆರಗು ಕಚ್ಚಿ ತಲೆ ತಗ್ಗಿಸಿದಳು. ನಮ್ಮ ಕಡೆ ಯಾವ ಹೆಂಡತಿ ಗಂಡನ ಹೆಸರು ಹೇಳುತ್ತಾಳೆ?

"ಬಸಪ್ಪ!" ಎಂದಳು ಅತ್ತೆ ಥಟ್ಟನೆ. ಹೆತ್ತ ಮಗನ ಹೆಸರು, ಆಕೆಗೇನು ಸಂಕೋಚ?

ಅಧಿಕಾರಿ ತಲೆದೂಗಿದರು. ಅಂದರೆ ಬಸಪ್ಪನ ಕಡೆಯವಳು ಮುದುಕಿಯೇ, ಕಚೇರಿ ತಿದ್ದಿದ್ದೇ ಸರಿ. ಪೆನ್ನು ಕಾಗದದತ್ತ ಇಳಿಯಿತು.

ಸೊಸೆ ಪೆನ್ನನ್ನು ನೋಡಿದಳು. ಆಮೇಲೆ ಕಚೇರಿಯೆಲ್ಲ ತಿರುಗಿ ನೋಡುವಂತೆ ಕೂಗಿದಳು: "ಬಸಪ್ಪ! ನನ್ನ ಗಂಡನ ಹೆಸರು ಬಸಪ್ಪ ಐತ್ರೀ!"

ಅತ್ತೆ ಗಲ್ಲಕ್ಕೆ ಕೈಹಚ್ಚಿಕೊಂಡಳು. "ಏ ಮಾನಗೇಡಿ! ಹತ್ತು ಮಂದಿ ಮುಂದ ಗಂಡನ ಹೆಸರು ಹಿಡೀತೀಯಾ? ಇದನ್ನೇ ಕಲಿಸೀನೇನು ನಿನಗ? ಸೆರಗು ಹೊದ್ಕೊ ಮೊದಲು!"

ಇಂಗ್ಲಿಷಿನಲ್ಲಿ ಹೇಳಲು ನಾನು ಬಾಯಿ ತೆರೆದೆ. ಅಧಿಕಾರಿ ಕೈಯೆತ್ತಿ ತಡೆದರು.

"ಬೇಡ, ಅತ್ತೆ ಯಾರೆಂದು ಗೊತ್ತಾಯಿತು" ಎಂದು, ವಯಸ್ಸನ್ನೂ ಸಂಬಂಧವನ್ನೂ ತಿದ್ದಿ ಸೊಸೆಯ ಪರ್ಮಿಟ್ಟಿಗೆ ಮುದ್ರೆ ಒತ್ತಿದರು.